ಯಾವ ಕಾಲಿನವರು

ಸ್ಟ್ಯಾನಿಸ್ಲಾಸ್ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದ. ತೊಡೆಯ ಮೇಲೆ ಫೈಲು, ಫೈಲಿನ ಮೇಲೆ ಒಂದು ಹಾಳೆ. ಚನ್ನಬಸವ್ವ ಕೂರಲಿಲ್ಲ. ಕಿತ್ತು ಒಣಹಾಕಿದ್ದ ಈರುಳ್ಳಿಗಳನ್ನು ಒಂದೊಂದಾಗಿ ತಿರುವಿ, ಬೇರಿನ ಮಣ್ಣನ್ನು ಹೆಬ್ಬೆರಳಿನಿಂದ ಉದುರಿಸುತ್ತಿದ್ದಳು.

"ಒಂದೇ ಪ್ರಶ್ನೆ ಅಕ್ಕ," ಎಂದ ಅವನು. "ಸ್ಯಾಮ್ ಆ ಮಾತು ಹೇಳುವುದನ್ನು ನೀವು ಕೇಳಿದ್ದುಂಟಾ, ಇಲ್ವಾ? ಕೇಳಿದ್ದು ಹೌದಾದ್ರೆ ಇಲ್ಲೊಂದು ಸೈನ್ ಮಾಡಿ. ಬೇರೆ ಎಂತದೂ ಬೇಡ."

"ಮಾಡಿದರ ಏನಾಗತೈತಿ?"

"ಅವರ ಪ್ಲಾಟ್ ಹೋಗ್ತದೆ."

ಚನ್ನಬಸವ್ವ ಕೈಯಲ್ಲಿದ್ದ ಈರುಳ್ಳಿಯನ್ನು ಕೆಳಗಿಟ್ಟಳು. ದಾರಿಯ ಆಚೆ ಸ್ಯಾಮ್‌ನ ಪ್ಲಾಟಿನಲ್ಲಿ ಯಾರೂ ಇರಲಿಲ್ಲ. ಕಮಿಟಿಯ ಕಾಗದ ಮುಟ್ಟಿದಂದಿನಿಂದ, ಅಂದರೆ ಒಂಬತ್ತು ದಿನಗಳಿಂದ, ಅವನು ಇತ್ತ ಬಂದಿರಲಿಲ್ಲ.

ಲಂಡನ್ನಿನ ರೇನರ್ಸ್ ಲೇನ್ ಸ್ಟೇಷನ್ನಿನಿಂದ ಅಲ್ಲಿಗೆ ಹತ್ತು ನಿಮಿಷದ ನಡಿಗೆ. ಮನೆಗಳ ಸಾಲಿನ ಹಿಂದೆ, ಅಕ್ಸ್‌ಬ್ರಿಡ್ಜ್ ಕಡೆ ಹೋಗುವ ಟ್ಯೂಬ್ ರೈಲಿನ ಹಳಿಗೆ ಅಂಟಿಕೊಂಡಂತೆ ನಲವತ್ತು ತುಂಡು ನೆಲ. ಜಾಗ ಕೌನ್ಸಿಲ್ಲಿನದು, ನೋಡಿಕೊಳ್ಳುವುದು ಬೆಳೆಯುವವರದೇ ಒಂದು ಸಂಘ. ಎಲ್ಲರೂ ಅದನ್ನು ಅಲಾಟ್‌ಮೆಂಟ್ ಎನ್ನುತ್ತಿದ್ದರು. ಚನ್ನಬಸವ್ವ ಹೊಲ ಎನ್ನುತ್ತಿದ್ದಳು. ಪ್ಲಾಟು ಮಗಳು ಪ್ರಿಯಾಂಕಾಳ ಹೆಸರಿನಲ್ಲಿತ್ತು. ಅವಳು ಎಜ್‌ವೇರಿನ ಒಂದು ಶಾಲೆಯಲ್ಲಿ ಸಹಾಯಕಿಯಾಗಿದ್ದು, ಹೊಲದ ಕಡೆ ವರ್ಷಕ್ಕೆರಡು ಸಲ ಬಂದರೆ ಹೆಚ್ಚು. ಮೂರು ವರ್ಷಗಳಿಂದ ಉತ್ತಿದ್ದು ಬಿತ್ತಿದ್ದು ಎಲ್ಲ ಚನ್ನಬಸವ್ವನೇ. ಮೆಂತ್ಯ, ಸಬ್ಬಸಿಗೆ, ರಾಜಗಿರಿ, ಬೆಳ್ಳುಳ್ಳಿ. ಬಿಸಿಲು ಬಿದ್ದ ವರ್ಷ ಒಂದೆರಡು ಮಡಿ ಹಕ್ಕರಕಿ ಸೊಪ್ಪು. ನವಲಗುಂದದ ಕಡೆಯ ಕಪ್ಪು ಮಣ್ಣಿನಲ್ಲಿ ಬೆಳೆದವಳಿಗೆ ಈ ಜಿಗುಟು ಹಳದಿ ಮಣ್ಣು ಒಗ್ಗಿಕೊಳ್ಳಲು ಒಂದು ವರ್ಷವೇ ಹಿಡಿದಿತ್ತು.

ಸ್ಟ್ಯಾನಿಸ್ಲಾಸ್ ಸಂಘದ ಕಾರ್ಯದರ್ಶಿ. ಬೇರೆ ಯಾರೂ ಒಪ್ಪದೆ ಆ ಕೆಲಸ ಅವನಿಗೆ ಬಂದಿತ್ತು. ಉಡುಪಿಯ ಹತ್ತಿರದ ಶಿರ್ವದವನು, ಮನೆಯಲ್ಲಿ ಕೊಂಕಣಿ, ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಪಾಳಿ ಕೆಲಸ. ಕಮಿಟಿಯಲ್ಲಿ ಕನ್ನಡ ಬರುವವನು ಅವನೊಬ್ಬನೇ ಆದ್ದರಿಂದ ಚನ್ನಬಸವ್ವನ ಹೇಳಿಕೆ ಬರೆದು ತರಲು ಅವನನ್ನೇ ಕಳಿಸಿದ್ದರು. ಮೊದಲ ಸಲ ಅವನ ಕನ್ನಡ ಕೇಳಿದಾಗ ಚನ್ನಬಸವ್ವ, ಪುಸ್ತಕ ಓದಿದಂಗ ಮಾತಾಡ್ತೀಯಲ್ಲೋ ತಮ್ಮಾ, ಎಂದು ನಕ್ಕಿದ್ದಳು. ಅವನಿಗೂ ಅವಳ ಮಾತು ಮೊದಮೊದಲು ಅರ್ಧವೇ ತಿಳಿಯುತ್ತಿತ್ತು.

ಎಲ್ಲ ಶುರುವಾಗಿದ್ದು ಅವಳ ಬಾಯಿಂದಲೇ.

ಅವಳ ಹೊಲದ ಎದುರಿಗೆ ಎರಡು ಪ್ಲಾಟು, ನಡುವೆ ಒಂದು ಹೆಜ್ಜೆ ಅಗಲದ ದಾರಿ. ಎಡಗಡೆಯದು ಸ್ಯಾಮ್‌ನದು, ಬಲಗಡೆಯದು ಮ್ಯಾಲಕಿಯದು. ಇಬ್ಬರಿಗೂ ಎಂಬತ್ತರ ಹತ್ತಿರ. ಇಬ್ಬರೂ ಐರ್ಲೆಂಡಿನ ಉತ್ತರದವರು, ಹಳ್ಳಿಯವರು, ಹರೆಯದಲ್ಲಿ ಕೆಲಸ ಹುಡುಕಿ ಲಂಡನ್ನಿಗೆ ಬಂದವರು. ಸ್ಯಾಮ್ ಬಡಗಿಯಾಗಿದ್ದ, ಮ್ಯಾಲಕಿ ನಲವತ್ತು ವರ್ಷ ರಸ್ತೆ ಅಗೆದಿದ್ದ. ಸ್ಯಾಮ್‌ಗೆ ಬಲ ಮೊಣಕಾಲು ಕೆಟ್ಟು ಆಪರೇಷನ್ನಿಗೆ ಹೆಸರು ಬರೆಸಿ ಎರಡು ವರ್ಷವಾಗಿತ್ತು.

ಮೊದಲ ದಿನ ಚನ್ನಬಸವ್ವ ಸೀರೆಯ ಮೇಲೆ ಅಳಿಯನ ಹಳೆಯ ಜಾಕೆಟ್ಟು ಹಾಕಿಕೊಂಡು, ಬೂಟು ಮೆಟ್ಟಿಕೊಂಡು ಬಂದು ನಿಂತಾಗ ಸ್ಯಾಮ್ ಮ್ಯಾಲಕಿಗೆ ಕೂಗಿ ಕೇಳಿದ್ದ: "ಇವಳು ಯಾವ ಕಾಲಿನಲ್ಲಿ ಅಗೆಯುವವಳು?" ಅವರ ಸೀಮೆಯಲ್ಲಿ ಹೊಸಬರು ಬಂದಾಗ ಬೆನ್ನ ಹಿಂದೆ ಕೇಳುವ ಪ್ರಶ್ನೆ ಅದು. ಕಥೋಲಿಕರು ಸನಿಕೆಯ ಮೇಲೆ ಎಡಗಾಲಿಟ್ಟು ಅಗೆಯುತ್ತಾರೆ, ಪ್ರೊಟೆಸ್ಟಂಟರು ಬಲಗಾಲಿಟ್ಟು ಎಂದು ಅಲ್ಲಿ ಮಾತು. ಮ್ಯಾಲಕಿಯ ಅಪ್ಪನ ಸನಿಕೆ ಅವನ ಶೆಡ್ಡಿನ ಬಾಗಿಲಿಗೆ ಇನ್ನೂ ನೇತಾಡುತ್ತಿತ್ತು. ಅದಕ್ಕೆ ಕಾಲಿಡುವ ಮೆಟ್ಟಿಲು ಎಡಗಡೆ ಮಾತ್ರ ಇತ್ತು. ಸ್ಯಾಮ್ ಆ ಸನಿಕೆಯನ್ನು ಎಂದೂ ಮುಟ್ಟಿರಲಿಲ್ಲ.

ಚನ್ನಬಸವ್ವ ಹಳೆಯ ಸೀರೆಯಲ್ಲಿ ಸುತ್ತಿ ಊರಿನಿಂದ ತಂದಿದ್ದ ಗುದ್ದಲಿಯನ್ನು ಹೊರತೆಗೆದಳು. ಸೂಟ್‌ಕೇಸಿನಲ್ಲಿ ಕಬ್ಬಿಣದ ಎಲೆ ಮಾತ್ರ ಹಿಡಿದಿತ್ತು, ಮರದ ಕಾವು ಇಲ್ಲಿಯದು. ಕಾಲು ಅಗಲಿಸಿ, ಸೊಂಟ ಬಗ್ಗಿಸಿ, ಎರಡೂ ಕೈಯಲ್ಲಿ ಎತ್ತಿ ಹಾಕತೊಡಗಿದಳು. ಇಬ್ಬರೂ ಕೆಲಸ ನಿಲ್ಲಿಸಿ ನೋಡಿದರು.

"ಕಾಲೇ ಹಚ್ಚುವುದಿಲ್ಲವಲ್ಲೋ," ಎಂದ ಸ್ಯಾಮ್.

"ಹಾಗಾದರೆ ನಿನಗೆ ತೊಂದರೆ ಇಲ್ಲ," ಎಂದ ಮ್ಯಾಲಕಿ.

ಮರುದಿನ ಮ್ಯಾಲಕಿ ಅವಳ ಗುದ್ದಲಿಯ ಕಾವನ್ನು ಕೆತ್ತಿ ಬಿಗಿ ಮಾಡಿಕೊಟ್ಟ. ಅದನ್ನು ನೋಡಿ ಸ್ಯಾಮ್, ಬಡಗಿ ಇಲ್ಲಿರುವಾಗ ರಸ್ತೆ ಅಗೆಯುವವನ ಕೈಗೆ ಕೊಟ್ಟೆಯಲ್ಲ ಎಂದು ಇಡೀ ವಾರ ಹಂಗಿಸಿದ.

ಅವರ ಮಾತು ಅವಳಿಗೆ ಹೆಚ್ಚು ತಿಳಿಯುತ್ತಿರಲಿಲ್ಲ. ಆದರೆ ದಿನ ಬೆಳಗಾದರೆ ಕೇಳುವ ನಾಲ್ಕಾರು ಶಬ್ದ ಕಿವಿಯಲ್ಲಿ ಕೂತಿದ್ದವು. ಸ್ಯಾಮ್ ಗೇಟಿನಿಂದಲೇ ಮ್ಯಾಲಕಿಯನ್ನು ಟೇಗ್ ಎಂದು ಕರೆಯುತ್ತಿದ್ದ. ಮ್ಯಾಲಕಿ ತಲೆ ಎತ್ತದೆ, ಬಂದೆಯಾ ಹನ್, ಎನ್ನುತ್ತಿದ್ದ. ಮಳೆ ಬಂದರೆ, ಎಲೆಕೋಸಿಗೆ ಹುಳ ಬಿದ್ದರೆ, ಒಬ್ಬನ ಟೀ ಕೆಟ್ಟಿದ್ದರೆ ಇನ್ನೂ ಒಂದೆರಡು ಸೇರುತ್ತಿದ್ದವು. ಚನ್ನಬಸವ್ವ ಅವು ಅಡ್ಡಹೆಸರು ಎಂದುಕೊಂಡಳು. ಅವಳ ಗಂಡನ ಮನೆತನದ ಅಡ್ಡಹೆಸರು ಉಳ್ಳಾಗಡ್ಡಿ, ಅಂದರೆ ಈರುಳ್ಳಿ. ಪಕ್ಕದ ಮನೆಯವರು ಮೆಣಸಿನಕಾಯಿ. ಅಂಥ ಊರಿನಿಂದ ಬಂದವಳಿಗೆ ಟೇಗ್, ಹನ್ ಎನ್ನುವ ಮನೆತನ ವಿಚಿತ್ರವಾಗಿ ಕಾಣಲಿಲ್ಲ. ಗಂಡಸರನ್ನು ಹೆಸರು ಹಿಡಿದು ಕರೆದು ಅವಳಿಗೆ ರೂಢಿಯಿರಲಿಲ್ಲವಾದ್ದರಿಂದ ಮೂರು ವರ್ಷವೂ ಹಲೋ ಎನ್ನುವುದರಲ್ಲೇ ಕಳೆದಿತ್ತು.

ಜುಲೈಯಲ್ಲಿ ಒಂದು ಭಾನುವಾರ ಅಲಾಟ್‌ಮೆಂಟನ್ನು ಹೊರಗಿನವರಿಗೆ ತೆರೆದಿಟ್ಟಿದ್ದರು. ಚನ್ನಬಸವ್ವ ತನ್ನ ಈರುಳ್ಳಿ ಹೆಚ್ಚಿ ಮಂಡಕ್ಕಿಯ ಗಿರಮಿಟ್ಟು ಮಾಡಿ ತಂದು ಕಾಗದದ ತಟ್ಟೆಗಳಲ್ಲಿ ಹಂಚಿದಳು. ಮ್ಯಾಲಕಿ ಜನರ ಹಿಂದೆ ಮೂಲೆಯಲ್ಲಿ ನಿಂತಿದ್ದ. ಅಷ್ಟು ಜನರ ನಡುವೆ ಹಲೋ ಎಂದರೆ ಯಾರು ತಿರುಗುತ್ತಾರೋ ಎಂದು ಅವಳು ಮರ್ಯಾದೆಯಿಂದಲೇ, ಗಟ್ಟಿಯಾಗಿ, ಮಿಸ್ಟರ್ ಟೇಗ್ ಎಂದು ಕೂಗಿ ತಟ್ಟೆ ಎತ್ತಿ ಹಿಡಿದಳು. ಮಾತಾಡುತ್ತಿದ್ದ ಕೆಲವರು ನಿಲ್ಲಿಸಿದರು. ಮ್ಯಾಲಕಿ ಬಂದು ತಟ್ಟೆ ಇಸಿದುಕೊಂಡು ಹೋದ. ಪ್ಲಾಟಿಗಾಗಿ ಹೆಸರು ಬರೆಸಿದ್ದ ಒಬ್ಬ ತರುಣಿ ಹತ್ತಿರ ಬಂದು, ಅವರನ್ನು ಏನೆಂದು ಕರೆದಿರಿ ಎಂದು ಮೆಲ್ಲಗೆ ಕೇಳಿದಳು. ಚನ್ನಬಸವ್ವ ಸ್ಯಾಮ್‌ನನ್ನು ತೋರಿಸಿ, ಅವರು ದಿನಾ ಹಾಗೇ ಕರೆಯುತ್ತಾರೆ, ಅವರ ಹೆಸರು ಅದೇ, ಎಂದು ತನ್ನ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು.

ಆ ತರುಣಿ ಬರೆದ ದೂರು ಈಗ ಸ್ಟ್ಯಾನಿಸ್ಲಾಸ್‌ನ ಫೈಲಿನಲ್ಲಿತ್ತು. ಅವನು ಅದನ್ನು ಓದಿ ಅರ್ಥ ಹೇಳಿದ. ಅವಳ ಅಜ್ಜಿ ಬೆಲ್‌ಫಾಸ್ಟಿನವಳು. ಅಜ್ಜಿಯ ಮನೆಯ ಬಾಗಿಲ ಮೇಲೆ ಒಂದು ರಾತ್ರಿ ಯಾರೋ ಅದೇ ಶಬ್ದವನ್ನು ಬಣ್ಣದಲ್ಲಿ ಬರೆದು ಹೋಗಿದ್ದರು. ಮರುವಾರ ಮನೆಗೆ ಬೆಂಕಿ ಬಿತ್ತು. ಆ ಮಾತು ದಿನಾ ಕೇಳುವ ಜಾಗದಲ್ಲಿ ತಾನು ಹೇಗೆ ಗಿಡ ನೆಡಲಿ ಎಂದು ಅವಳು ಬರೆದಿದ್ದಳು.

ಚನ್ನಬಸವ್ವ ಒಂದು ಈರುಳ್ಳಿಯ ಒಣ ಸಿಪ್ಪೆಯನ್ನು ಸುಲಿದಳು.

"ನಾ ಅಡ್ಡಹೆಸರು ಅಂತ ತಿಳಕೊಂಡಿದ್ದೆ," ಎಂದಳು.

"ಗೊತ್ತುಂಟು ಅಕ್ಕ. ನಿಮ್ಮ ಮೇಲೆ ಯಾರೂ ಎಂತ ಹೇಳುವುದಿಲ್ಲ. ಅದು ಕಥೋಲಿಕರಿಗೆ ಹೇಳುವ ಮಾತು. ಒಳ್ಳೆ ಮಾತಲ್ಲ."

"ಮತ್ತ ಆ ಇನ್ನೊಂದು? ಹನ್ ಅಂತಾನಲ್ಲ, ಈ ಮುದುಕ?"

"ಅದು ಪ್ರೊಟೆಸ್ಟಂಟರಿಗೆ."

"ಅದೂ ಒಳ್ಳೇದಲ್ಲ?"

"ಅಲ್ಲ."

"ಅದಕ್ಕ ಯಾರು ದೂರು ಕೊಟ್ಟಾರ?"

ಸ್ಟ್ಯಾನಿಸ್ಲಾಸ್ ಫೈಲು ಮುಚ್ಚಿದ. ಅದಕ್ಕೆ ಯಾರೂ ದೂರು ಕೊಟ್ಟಿಲ್ಲ ಎಂದ. ಚನ್ನಬಸವ್ವ ಶನಿವಾರದವರೆಗೆ ಸಮಯ ಕೇಳಿದಳು. ಅವನು ಬಕೆಟ್ಟನ್ನು ಇದ್ದ ಜಾಗದಲ್ಲೇ ಇಟ್ಟು ಹೋದ.

ಮನೆಯಲ್ಲಿ ಪ್ರಿಯಾಂಕಾ ಎಲ್ಲ ಕೇಳಿ, ಏನೂ ಸಹಿ ಮಾಡಬೇಡ ಎಂದಳು. ಕೇಳಿಲ್ಲ, ಇಂಗ್ಲಿಷು ತಿಳಿಯುವುದಿಲ್ಲ ಎಂದುಬಿಟ್ಟರೆ ಮುಗಿಯಿತು. ಪ್ಲಾಟು ಇರುವುದು ತನ್ನ ಹೆಸರಿನಲ್ಲಿ. ಶಾಲೆಯಲ್ಲಿ ಕೆಲಸ ಮಾಡುವವಳ ಹೆಸರು ಇಂಥ ಕಾಗದದಲ್ಲಿ ಕಾಣಿಸಿಕೊಂಡರೆ ನೂರು ಪ್ರಶ್ನೆ ಬರುತ್ತವೆ. ಚನ್ನಬಸವ್ವ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು. ಕೇಳಿಲ್ಲ ಎಂದರೆ, ಭಾನುವಾರ ಅಷ್ಟು ಜನರ ಮುಂದೆ ಹೇಳಿದ್ದು ಸುಳ್ಳಾಗುತ್ತಿತ್ತು. ಆ ಹುಡುಗಿ ಸುಳ್ಳುಗಾರ್ತಿಯಾಗುತ್ತಿದ್ದಳು. ಕೇಳಿದ್ದೇನೆ ಎಂದರೆ ಸ್ಯಾಮ್‌ನ ಮೂವತ್ತು ವರ್ಷದ ನೆಲ ಹೋಗುತ್ತಿತ್ತು. ಅವನಿಗೆ ಹೆಂಡತಿ ಇರಲಿಲ್ಲ. ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಒಬ್ಬನೇ ಇರುತ್ತಿದ್ದ. ಲಿಫ್ಟು ಕೆಟ್ಟ ದಿನವೂ ಆ ಕಾಲೆಳೆದುಕೊಂಡು ಹೊಲಕ್ಕೆ ಬರುತ್ತಿದ್ದ.

ಗುರುವಾರ ಅವಳು ಹೋದಾಗ ಮ್ಯಾಲಕಿ ಆಲೂಗಡ್ಡೆ ಅಗೆಯುತ್ತಿದ್ದ. ಅವಳು ದಾರಿ ದಾಟಿ ಅವನ ಮಡಿಯ ಅಂಚಿನಲ್ಲಿ ನಿಂತಳು. ಮೂರು ವರ್ಷದಲ್ಲಿ ಅವಳು ದಾರಿ ದಾಟಿದ್ದು ಅದೇ ಮೊದಲು. ಅವನು ಸನಿಕೆಯನ್ನು ನೆಲಕ್ಕೆ ಚುಚ್ಚಿ ನಿಲ್ಲಿಸಿದ. ಸ್ಯಾಮ್ ಹಾಗೆ ಕರೆದರೆ ನಿನಗೆ ನೋವಾ ಎಂದು ಅವಳು ಕೇಳಿದಳು. ನೋವು ಎನ್ನುವಲ್ಲಿ ಎದೆ ಮುಟ್ಟಿ ತೋರಿಸಿದಳು.

ಮ್ಯಾಲಕಿ ಅಂಗೈಗೆ ಮೆತ್ತಿದ ಮಣ್ಣನ್ನು ಇನ್ನೊಂದು ಕೈಯಿಂದ ಒರೆಸಿಕೊಂಡ.

"ಕೆಲವು ದಿನ," ಎಂದ.

ಆಮೇಲೆ ತುಂಡು ತುಂಡಾಗಿ ಹೇಳಿದ. ಅವಳಿಗೆ ತಿಳಿಯಲೆಂದು ನಿಧಾನವಾಗಿ ಹೇಳಿದನೋ, ಅವನಿಗೇ ಹಾಗೆ ಬಂತೋ. ಹಿಂದೆ, ಎರಡು ಪಂಗಡಗಳ ಜಗಳದಲ್ಲಿ, ಊರಿನಿಂದ ಸಾವಿನ ಸುದ್ದಿ ಬರುತ್ತಿದ್ದ ಕಾಲವಿತ್ತು. ಇವತ್ತು ಇವರ ಕಡೆಯವನು, ನಾಳೆ ಅವರ ಕಡೆಯವನು. ಅಂಥ ಬೆಳಗುಗಳಲ್ಲೂ ಸ್ಯಾಮ್ ಗೇಟಿನಲ್ಲಿ ಎಂದಿನಂತೆಯೇ ಕೂಗುತ್ತಿದ್ದ. ಅವತ್ತು ಅದು ಯಾವ ಮನಸ್ಸಿನಿಂದ ಬಂತೆಂದು ತನಗೆ ತಿಳಿಯುತ್ತಿರಲಿಲ್ಲ. ಅವನಿಗೆ ಹೇಳಿದೆಯಾ ಎಂದು ಚನ್ನಬಸವ್ವ ಕೇಳಿದಳು. ಇಲ್ಲ. ತಿರುಗಿ ನೀನೂ ಬೈಯುತ್ತಿದ್ದೆಯಾ? ಹೌದು. ಅವನಿಗೆ ನೋವಾಗುತ್ತಿತ್ತಾ? ಮ್ಯಾಲಕಿ ಸ್ಯಾಮ್‌ನ ಶೆಡ್ಡಿನ ಕಡೆ ನೋಡಿದ. ಅದನ್ನು ತಾನು ಎಂದೂ ಕೇಳಿಲ್ಲ ಎಂದ.

ಅಷ್ಟು ಹೇಳಿ ಅವನು ಎರಡು ಮಡಿ ದಾಟಿ ಸ್ಯಾಮ್‌ನ ಪ್ಲಾಟಿಗೆ ಹೋದ. ಶೆಡ್ಡಿನ ಪಕ್ಕ ಇದ್ದ ಸ್ಯಾಮ್‌ನ ಕ್ಯಾನನ್ನು ಎತ್ತಿಕೊಂಡು ನಲ್ಲಿಗೆ ನಡೆದು ತುಂಬಿ ತಂದು, ಈರುಳ್ಳಿ ಜಾತಿಯ ಲೀಕಿನ ಸಾಲಿಗೆ ಬುಡದಿಂದ ಬುಡಕ್ಕೆ ನೀರು ಹಾಕತೊಡಗಿದ. ಸಾಲಿನ ಮಣ್ಣು ಮೇಲಿನಿಂದ ಒಣಗಿರಲಿಲ್ಲ. ಇಷ್ಟು ದಿನವೂ ಯಾರೋ ನೀರು ಹಾಕಿದ ಹಾಗಿತ್ತು. ಕ್ಯಾನನ್ನು ಮೊದಲಿದ್ದ ಜಾಗದಲ್ಲೇ, ಮೂತಿ ಮೊದಲಿದ್ದ ಕಡೆಗೇ ಮಾಡಿ ಇಟ್ಟ.

ಶನಿವಾರ ಸ್ಟ್ಯಾನಿಸ್ಲಾಸ್ ಬಂದಾಗ ಚನ್ನಬಸವ್ವ ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದಳು. ಬರೆದ ಹಾಳೆಯನ್ನು ಅವನು ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ಹೊಸ ಹಾಳಿ ತಗೋ ತಮ್ಮಾ. ಮದಲ ನನ್ನ ಹೆಸರು ಬರಿ. ಅವತ್ತು ಆ ಮಾತು ನನ್ನ ಬಾಯಾಗಿಂದ ಬಂತು. ಆ ಹುಡುಗಿ ಕೇಳಿದ್ದು ನನ್ನ ದನಿ."

"ನೀವು ಗೊತ್ತಿಲ್ಲದೆ ಹೇಳಿದ್ದು."

"ಗೊತ್ತಿಲ್ಲದ ಅಂದಾಳ ಅಂತನೂ ಬರಿ. ಆಮ್ಯಾಲ ಸ್ಯಾಮ್ ಏನೇನ ಅಂತಾನ ಬರಿ. ಆಮ್ಯಾಲ ಮ್ಯಾಲಕಿ ಏನೇನ ಅಂತಾನ ಅದನ್ನೂ ಬರಿ. ನಾ ಎಲ್ಲಾ ಹೇಳ್ತೀನಿ, ಒಂದೂ ಬಿಡಂಗಿಲ್ಲ."

ಅವಳು ಒಂದೊಂದಾಗಿ ಹೇಳಿದಳು. ಕೆಲವು ಶಬ್ದ ಸ್ಟ್ಯಾನಿಸ್ಲಾಸ್‌ಗೂ ಗೊತ್ತಿರಲಿಲ್ಲ. ಅವಳ ನಾಲಿಗೆಯಲ್ಲಿ ಅವು ತರಕಾರಿಯ ಹೆಸರಿನ ಹಾಗೆ ಬರುತ್ತಿದ್ದವು. ನಾಲ್ಕನೆಯದಕ್ಕೆ ಅವನು ಪೆನ್ನು ನಿಲ್ಲಿಸಿದ.

"ಹೀಗೆ ಬರೆದು ಕೊಟ್ರೆ ಮೂರು ಪ್ಲಾಟ್ ಖಾಲಿ ಮಾಡಿಸಬೇಕಾಗ್ತದೆ ಅಕ್ಕ. ನಿಮ್ಮದೂ ಸೇರಿ."

"ಮಾಡಸ್ರಿ."

ಹಳಿಯ ಮೇಲೆ ಒಂದು ಟ್ಯೂಬ್ ಹೋಯಿತು. ಅದು ಪೂರ್ತಿ ದಾಟುವ ತನಕ ಸ್ಟ್ಯಾನಿಸ್ಲಾಸ್ ಕಾದ. ಆಮೇಲೆ ಅಂಗಿಯ ಮೇಲಿನ ಗುಂಡಿಯ ಹತ್ತಿರ ಬೆರಳಿಟ್ಟ. ಅಲ್ಲಿ ಶಿಲುಬೆಯ ತೆಳು ಸರ ಇತ್ತು. ಕಾರ್ಯದರ್ಶಿಯಾದ ಹೊಸದರಲ್ಲಿ ಸ್ಯಾಮ್ ಇದನ್ನು ನೋಡಿ, ಓಹೋ ನೀನೂ ಆ ಕಾಲಿನವನೇ, ಎಂದಿದ್ದನಂತೆ. ಇವನು ನಕ್ಕುಬಿಟ್ಟನಂತೆ. ಮನೆಗೆ ಹೋಗಿ ಹೆಂಡತಿ ಎಮಿಲಿಗೆ ಮಾತ್ರ ಹೇಳಿದನಂತೆ.

"ಅದನ್ನೂ ಬರಿ," ಎಂದಳು ಚನ್ನಬಸವ್ವ.

"ನಾನು ದೂರು ಕೊಡ್ಲಿಲ್ಲವಲ್ಲ."

"ಯಾಕ ಕೊಡಲಿಲ್ಲ?"

ಸ್ಟ್ಯಾನಿಸ್ಲಾಸ್ ಪೆನ್ನನ್ನು ಮತ್ತೆ ಹಾಳೆಗೆ ಊರಿದ. ತಲೆ ಬಗ್ಗಿಸಿ ಮಿಕ್ಕಿದ್ದನ್ನು ಬರೆದ. ತನ್ನದನ್ನು ಬರೆಯಲಿಲ್ಲ. ಚನ್ನಬಸವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು, ಚನ್ನಬಸವ್ವ ಉಳ್ಳಾಗಡ್ಡಿ ಎಂದು ಕನ್ನಡದಲ್ಲಿ ಬಿಡಿಬಿಡಿಯಾಗಿ ಸಹಿ ಮಾಡಿದಳು.

ಕಮಿಟಿ ಎರಡು ಸಲ ಕೂತಿತು ಎಂದು ಆಮೇಲೆ ತಿಳಿಯಿತು. ಮೂರು ಪ್ಲಾಟನ್ನೂ ಕಿತ್ತುಕೊಳ್ಳಲು ಕೆಲವರು ಒಪ್ಪಲಿಲ್ಲ. ಒಂದನ್ನೇ ಕಿತ್ತುಕೊಳ್ಳಲು ಸ್ಟ್ಯಾನಿಸ್ಲಾಸ್ ಒಪ್ಪಲಿಲ್ಲ. ಕೊನೆಗೆ ಮೂವರಿಗೂ ಎಚ್ಚರಿಕೆಯ ಕಾಗದ ಹೋಯಿತು. ಯಾರದೇ ಧರ್ಮ, ಪಂಗಡವನ್ನು ಹೀಯಾಳಿಸುವ ಮಾತು ಇನ್ನೊಂದು ಸಲ ಯಾರ ಕಿವಿಗಾದರೂ ಬಿದ್ದರೆ, ಹೇಳಿದವರ ಪ್ಲಾಟು ತಿಂಗಳೊಳಗೆ ವಾಪಸು. ಅದನ್ನೇ ಪ್ಲಾಸ್ಟಿಕ್ಕಿನಲ್ಲಿ ಹಾಕಿ ಮೂರೂ ಪ್ಲಾಟುಗಳ ಗೇಟಿಗೆ ತಂತಿಯಿಂದ ಕಟ್ಟಿದರು. ಕಾಗದ ಬಂದ ಮೇಲೆ ಪ್ರಿಯಾಂಕಾ ಎರಡು ದಿನ ತಾಯಿಯ ಜೊತೆ ಮಾತಾಡಲಿಲ್ಲ. ಮೂರನೆಯ ದಿನ, ಉಳ್ಳಾಗಡ್ಡಿ ಎಲ್ಲಿಟ್ಟೀಯವ್ವಾ, ಎಂದು ಕೇಳಿದಳು. ದೂರು ಕೊಟ್ಟ ತರುಣಿಗೆ ಮುಖ್ಯ ಗೇಟಿನ ಹತ್ತಿರ ಒಂದು ಪ್ಲಾಟು ಸಿಕ್ಕಿತು. ಚನ್ನಬಸವ್ವ ಆ ದಾರಿಯಲ್ಲಿ ಹೋಗುವಾಗ ಅವಳು ಕೈ ಎತ್ತುತ್ತಿದ್ದಳು, ಇವಳೂ ಎತ್ತುತ್ತಿದ್ದಳು.

ಸ್ಯಾಮ್ ಸೆಪ್ಟೆಂಬರಿನಲ್ಲಿ ಬಂದ. ಗೇಟಿನಲ್ಲಿ ನಿಂತು ಕಾಗದವನ್ನು ಮೇಲಿನಿಂದ ಕೆಳಗೆ ಓದಿದ. ಒಳಗೆ ಬಂದು ಲೀಕಿನ ಸಾಲನ್ನು ನೋಡಿದ, ಕ್ಯಾನನ್ನು ನೋಡಿದ.

"ಗುಡ್ ಮಾರ್ನಿಂಗ್, ಮ್ಯಾಲಕಿ," ಎಂದ.

"ಗುಡ್ ಮಾರ್ನಿಂಗ್, ಸ್ಯಾಮ್ಯುಯೆಲ್."

ಅಲ್ಲಿಂದ ಮುಂದೆ ದಿನವೂ ಅಷ್ಟೇ. ಬರುವಾಗ ಒಂದು ಮಾತು, ಹೋಗುವಾಗ ಒಂದು ಮಾತು. ನಡುವೆ ಸನಿಕೆಯ ಸದ್ದು, ಟ್ಯೂಬಿನ ಸದ್ದು. ಸ್ಯಾಮ್ ಫ್ಲಾಸ್ಕಿನ ಟೀಯನ್ನು ತನ್ನ ಶೆಡ್ಡಿನೊಳಗೇ ಕುಡಿಯತೊಡಗಿದ. ಚನ್ನಬಸವ್ವ ಮಡಿ ಮಾಡುತ್ತ ಒಮ್ಮೊಮ್ಮೆ ಗುದ್ದಲಿ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಅವಳು ತಲೆ ಎತ್ತಿದಾಗಲೆಲ್ಲ ಇಬ್ಬರಲ್ಲೊಬ್ಬರು ಅವಳ ಕಡೆ ನೋಡುತ್ತಿದ್ದು, ಬೇರೆ ಕಡೆ ಮುಖ ತಿರುಗಿಸುತ್ತಿದ್ದರು.

ಅಕ್ಟೋಬರಿನ ಮೊದಲ ವಾರ ಎರಡು ದಿನ ಒಳ್ಳೆಯ ಬಿಸಿಲು ಬಿತ್ತು. ಚಳಿಗಾಲಕ್ಕೆ ಮೊದಲು ಮಣ್ಣು ತಿರುವಿ ಹಾಕಲು ಮೂವರೂ ಬಂದಿದ್ದರು; ಹತ್ತಿರದ ಪ್ಲಾಟುಗಳಲ್ಲಿ ಬೇರೆ ಯಾರೂ ಇರಲಿಲ್ಲ. ಚನ್ನಬಸವ್ವ ಪ್ಲಾಸ್ಟಿಕ್ಕಿನ ಕೆಳಗೆ ಬಿತ್ತಿದ್ದ ಮೆಂತ್ಯಕ್ಕೆ ನೀರು ಚಿಮುಕಿಸುತ್ತಿದ್ದಳು. ದಾರಿಯ ಆಚೆ ಸ್ಯಾಮ್ ಸನಿಕೆ ಹಿಡಿದು ಬಲಗಾಲನ್ನು ಮೇಲಿಟ್ಟ. ಭಾರ ಹಾಕಿದ ಕೂಡಲೇ ಮುಖ ಕಿವುಚಿ ಕಾಲು ತೆಗೆದ. ಮತ್ತೊಮ್ಮೆ ಇಟ್ಟು ನೋಡಿದ. ಸ್ವಲ್ಪ ಹೊತ್ತು ಕಾವಿಗೆ ಒರಗಿ ಸುಧಾರಿಸಿಕೊಂಡು, ಸನಿಕೆಯನ್ನು ಇನ್ನೊಂದು ಪಕ್ಕಕ್ಕೆ ಸರಿಸಿ, ಎಡಗಾಲನ್ನು ಎತ್ತಿ ಅದರ ಮೇಲಿಟ್ಟ. ಎಲೆ ಸಲೀಸಾಗಿ ಮಣ್ಣಿಗಿಳಿಯಿತು. ಒಂದು ಹೆಂಟೆ ತಿರುವಿ ಹಾಕಿ ಮತ್ತೆ ಎಡಗಾಲಿಟ್ಟ.

ಮ್ಯಾಲಕಿ ತನ್ನ ಮಡಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಆ ಕಾಲನ್ನು ನೋಡಿದ. ಅವನ ಬಾಯಿ ತೆರೆಯಿತು. ಗೇಟಿಗೆ ಕಟ್ಟಿದ್ದ ಕಾಗದದ ಕಡೆ ಕಣ್ಣು ಹೋಯಿತು. ಅಲ್ಲಿಂದ ಚನ್ನಬಸವ್ವನ ಕಡೆ ಬಂತು. ತುದಿನಾಲಿಗೆಗೆ ಬಂದ ಮಾತು ಹೊರಬೀಳದೆ ಬಾಯಿ ಹಾಗೇ ಇತ್ತು. ಸ್ಯಾಮ್ ತಲೆ ಎತ್ತದೆ, ಸನಿಕೆಯ ಮೇಲೆ ಎಡಗಾಲಿಟ್ಟುಕೊಂಡೇ ನಿಂತಿದ್ದ.

ಚನ್ನಬಸವ್ವನ ಕ್ಯಾನಿನಲ್ಲಿ ಇನ್ನೂ ಅರ್ಧ ನೀರಿತ್ತು. ಅವಳು ಅದನ್ನು ಬೆಳ್ಳುಳ್ಳಿ ಮಡಿಗೆ ಒಮ್ಮೆಲೇ ಸುರಿದು, ಬರಿದಾದ ಕ್ಯಾನು ಹಿಡಿದು ದಾರಿಯುದ್ದಕ್ಕೂ ನಡೆದಳು. ನಲ್ಲಿ ಇದ್ದದ್ದು ಆ ತುದಿಗೆ, ಹತ್ತು ಪ್ಲಾಟು ದಾಟಿ. ಕ್ಯಾನನ್ನು ಕೆಳಗಿಟ್ಟು ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರು ತಗಡಿನ ತಳಕ್ಕೆ ಬಿದ್ದು ಜೋರಾಗಿ ಸದ್ದು ಮಾಡಿತು. ಅತ್ತ ಬೆನ್ನು ಮಾಡಿ, ಸೆರಗನ್ನು ಕಿವಿಯ ಮೇಲೆಳೆದುಕೊಂಡು ನಿಂತಳು. ಕ್ಯಾನು ತುಂಬಿತು, ತುಂಬಿ ಹರಿಯತೊಡಗಿತು, ನೀರು ಅವಳ ಬೂಟುಗಳ ಸುತ್ತ ಹಳದಿ ಮಣ್ಣಿನಲ್ಲಿ ನಿಂತಿತು. ಅವಳು ನಲ್ಲಿ ನಿಲ್ಲಿಸಲಿಲ್ಲ.